ಸಿರಾದವನು

ಕರಿಯಯ್ಯನಿಗೆ ಮಗಳ ನೋಟ್‌ಬುಕ್ಕು ಸಿಕ್ಕಿದ್ದು ಬುಧವಾರ ಬೆಳಿಗ್ಗೆ, ಅವಳು ಸ್ನಾನಕ್ಕೆ ಹೋಗಿದ್ದಾಗ. ಕನ್ನಡಕ ಹುಡುಕುವಾಗ ಸಿಕ್ಕಿತು ಎಂದು ಆಮೇಲೆ ಹೇಳಿದ. ಕನ್ನಡಕ ಅವನ ಮೂಗಿನ ಮೇಲೇ ಇತ್ತು ಎಂಬುದನ್ನು ಮಾತ್ರ ಹೇಳಲಿಲ್ಲ.

ತಿ. ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಅಟೆಂಡರಾಗಿದ್ದು ರಿಟೈರಾದ ಮನುಷ್ಯ. ಸುಳ್ಳು ವಂಶವೃಕ್ಷ, ಸುಳ್ಳು ಅಫಿಡವಿಟ್ಟುಗಳ ನಡುವೆ ತಲೆ ನರೆತವನಿಗೆ ಕಾಗದ ಕಂಡರೇ ಅನುಮಾನ. ಸಾಲದ್ದಕ್ಕೆ ಹದಿನಾರು ವರ್ಷ ಕುಡಿದು, ಹೆಂಡತಿ ಮಹದೇವಮ್ಮನಿಗೆ ದಿನಕ್ಕೊಂದು ಸುಳ್ಳು ಹೇಳಿದವನು. ಬಿಟ್ಟು ಹನ್ನೊಂದು ವರ್ಷವಾಗಿತ್ತು. ಆದರೂ ಹೊರಗಿನಿಂದ ಬಂದಾಗಲೆಲ್ಲ ಅವಳು ಬಾಯಿ ಮೂಸಿಯೇ ಒಳಗೆ ಬಿಡುತ್ತಿದ್ದಳು, ಅವನು ಸಿಡುಕುತ್ತಿದ್ದ. ತಾನು ಕಳ್ಳ ಪರರ ನಂಬ ಅನ್ನುತ್ತಾರಲ್ಲ, ಕರಿಯಯ್ಯ ಅದೇ ಪೈಕಿ.

ಮಗಳು ಇಂದ್ರಾಣಿ ಮೈಸೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಕೆಲಸಕ್ಕಿದ್ದಳು. ಮನೆಯಲ್ಲಿ ರಿಸೆಪ್ಷನ್ನು ಎಂದು ಹೇಳಿದ್ದಳು. ಶನಿವಾರ ಬೆಂಗಳೂರಿನಲ್ಲಿ ಪರೀಕ್ಷೆ. ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆಗೆ. ಏನು ಪರೀಕ್ಷೆ ಎಂದು ಕೇಳಿದರೆ “ಜನರಲ್ ನಾಲೆಡ್ಜು ಕಣಪ್ಪ” ಎಂದು ಮಾತು ತೇಲಿಸಿದ್ದಳು.

ನೋಟ್‌ಬುಕ್ಕಿನಲ್ಲಿ ಅವಳ ದುಂಡನೆಯ ಕನ್ನಡ ಅಕ್ಷರದಲ್ಲಿ ಹೀಗಿತ್ತು: ‘ಸಿರಾ. ಕಪ್ಪು ಬಣ್ಣ. ಮೈ ತುಂಬಿದ್ದು. ಸ್ವಲ್ಪ ಖಾರ. ಬಿಸಿಲಿಗೆ ಹೆದರಲ್ಲ. ವಯಸ್ಸಾದಷ್ಟೂ ಮೃದು. ಆಸ್ಟ್ರೇಲಿಯಾಕ್ಕೆ ಹೋದ ಮೇಲೆ ಹೆಸರು ಬದಲು. ಕುರಿಮಾಂಸದ ಜೊತೆ ಒಳ್ಳೆ ಜೋಡಿ.’

ಕರಿಯಯ್ಯ ಅದನ್ನು ಎರಡು ಸಲ ಓದಿದ. ತುಮಕೂರಿನಾಚೆಯ ಸಿರಾ ಅವನಿಗೆ ಗೊತ್ತು, ಕುರಿಗೆ ಹೆಸರಾದ ಊರು. ಯಾರೋ ಕುರಿ ವ್ಯಾಪಾರದವನು. ಕರ್ರಗೆ, ದಪ್ಪಗೆ, ಮುಂಗೋಪಿ. ವಯಸ್ಸೂ ಆಗಿದೆ. ಪರದೇಶದಲ್ಲಿ ಹೆಸರು ಬದಲಿಸಿಕೊಂಡು ತಿರುಗಿದವನು ಇಲ್ಲೇನು ಸಾಚಾ ಇರುತ್ತಾನೆ? ಪಕ್ಕದ ಪುಟದಲ್ಲಿ ಪಿನೋ ಎಂಬ ಇನ್ನೊಬ್ಬನಿದ್ದ: ‘ತೆಳು ಚರ್ಮ. ತುಂಬಾ ಸೂಕ್ಷ್ಮ. ಬೇಗ ರೋಗ ತಗಲುತ್ತೆ.’ ಇವನನ್ನು ಬಿಟ್ಟು ಸಿರಾದವನನ್ನು ಆರಿಸಿದ್ದಾಳೆ ಎಂದುಕೊಂಡ. ಅಷ್ಟರ ಮಟ್ಟಿಗೆ ಮಗಳ ಬುದ್ಧಿ ಮೆಚ್ಚಿದ.

ಬೆಂಗಳೂರು ಎಂದು ಹೇಳಿ ಸಿರಾಕ್ಕೆ ಓಡುತ್ತಾಳೆ, ಇನ್ನು ಬರುವುದಿಲ್ಲ ಎಂಬುದು ಅವನಿಗೆ ಖಾತ್ರಿಯಾಯಿತು. ನೋಟ್‌ಬುಕ್ಕನ್ನು ಬಚ್ಚಿಟ್ಟ.

ಗುರುವಾರ ಸಂಜೆ ಇಂದ್ರಾಣಿ ಮನೆಯೆಲ್ಲ ಕೆದಕಿ, ಕೊನೆಗೆ ಅಳುತ್ತಾ ಕುಳಿತಳು. ಕರಿಯಯ್ಯ ಜಗಲಿಯಿಂದಲೇ ಕೇಳಿದ. “ಸಿರಾ ಎಷ್ಟು ದೂರವ್ವ ಇಲ್ಲಿಂದ?”

ಅವಳ ಮುಖ ಬಿಳಿಚಿತು. “ಸಿರಾ ಇಚಾರ ನಿಂಗ್ಯಾರೇಳುದ್ರು?”

“ಗೊತ್ತಾಯ್ತದೆ. ಎಷ್ಟು ದಿನದಿಂದ ನಡೀತಾ ಅದೆ?”

“ಆರು ತಿಂಗ್ಳಾಯ್ತು. ನಿಂಗೇಳಕ್ಕೆ ಭಯ ಆಯ್ತು ಕಣಪ್ಪ.”

“ವಯಸ್ಸೆಷ್ಟು?”

“ಮೂರು ವರ್ಸದ್ದೂ ಅದೆ, ಐದು ವರ್ಸದ್ದೂ ಅದೆ.”

ಹಾಗಾದರೆ ಅವನಿಗೆ ಮಕ್ಕಳೂ ಇವೆ ಎಂದುಕೊಂಡ ಕರಿಯಯ್ಯ. ಅಷ್ಟರಲ್ಲಿ ಮಹದೇವಮ್ಮ ಎದ್ದು, ಯಾರನ್ನೂ ಕೇಳದೆ, ನೇರವಾಗಿ ರಾಗಿ ಗುಡಾಣಕ್ಕೆ ಮೊಳಕೈವರೆಗೆ ಕೈ ಇಳಿಸಿ ನೋಟ್‌ಬುಕ್ಕು ಎಳೆದಳು. “ಬಾಟ್ಲಿ ಮಡಗ್ತಿದ್ದ ಜಾಗ ಇದೇ ಅಲ್ವಾ” ಎಂದಳು.

“ದ್ರಾಕ್ಷಿ ಕಣಪ್ಪ ಅದು” ಎಂದಳು ಇಂದ್ರಾಣಿ, ಪುಟಗಳ ರಾಗಿ ಕೊಡವುತ್ತಾ. “ಸಿರಾ, ಪಿನೋ ಎಲ್ಲಾ ವೈನ್ ಮಾಡೋ ದ್ರಾಕ್ಷಿ. ನಂಗೆ ರಿಸೆಪ್ಷನ್ ಅಲ್ಲ. ಊಟದ ಟೇಬಲ್‌ಗೆ ಯಾವ ವೈನು ಅಂತ ಏಳೋ ಕೆಲ್ಸ.”

ವೈನ್ ಎಂದರೆ ಕರಿಯಯ್ಯನಿಗೆ ಗೊತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಎದುರಿನ ‘ವೈನ್ಸ್’ ಬೋರ್ಡು. ಅಲ್ಲಿ ಅವನು ಬ್ರಾಂದಿ ಕುಡಿದಿದ್ದ, ವಿಸ್ಕಿ ಕುಡಿದಿದ್ದ. ಹದಿನಾರು ವರ್ಷದಲ್ಲಿ ಒಂದು ದ್ರಾಕ್ಷಿಯ ಮುಖ ಕಂಡಿರಲಿಲ್ಲ. ಸಿರಾದ ಕುರಿ ವ್ಯಾಪಾರಿಯೇ ವಾಸಿ ಎನ್ನಿಸಿತು ಅವನಿಗೆ.

“ವೈನ್ಸ್ ಅಂಗ್ಡೀಲಿ ನಿಲ್ಲಕ್ಕಾ ನಿನ್ನ ಓದ್ಸುದ್ದು? ನಾಳೆ ಓಗದು ಬ್ಯಾಡ.”

ಇಂದ್ರಾಣಿ ಕಣ್ಣೊರೆಸಿಕೊಂಡಳು. “ನಂಜನಗೂಡು ರಸಬಾಳೆ ಬ್ಯಾರೆ ಮಣ್ಣಲ್ಲಿ ನೆಟ್ರೆ ಆ ರುಚಿ ಬತ್ತದಾ?”

“ಎಲ್ಲಿ ಬತ್ತದೆ.”

“ಷಾಂಪೇನ್ ಅನ್ನದೂ ಅಂಗೇ ಒಂದು ಸೀಮೆ ಎಸ್ರು. ಆ ಮಣ್ಣಿಂದೇ ರುಚಿ. ನಮ್ಮ ರಸಬಾಳೆ ಬೇರಿಗೆ ರೋಗ ಬಂದು ಓಯ್ತಲ್ಲ, ಫ್ರಾನ್ಸ್‌ನಲ್ಲೂ ನೂರೈವತ್ತು ವರ್ಸದ ಇಂದೆ ದ್ರಾಕ್ಷಿ ಬೇರಿಗೆ ಉಳ ಬಿದ್ದು ತ್ವಾಟಗಳೇ ಒಣಗೋದ್ವು. ಅಮೆರಿಕದ ಬೇರಿಗೆ ಕಸಿ ಕಟ್ಟಿ ಉಳುಸ್ಕೊಂಡ್ರು. ಎಂಟು ಸಾವಿರ ವರ್ಸದ ಇಂದೇ ಜಾರ್ಜಿಯಾ ಅನ್ನೋ ದೇಸದಲ್ಲಿ ನಮ್ಮ ಗುಡಾಣದಂತ ಮಡಕೇಲೇ ವೈನ್ ಮಾಡ್ತಿದ್ರಂತೆ. ಇದ್ನೇ ಕೇಳದು ಪರೀಕ್ಷೇಲಿ.”

ರಸಬಾಳೆಯ ಮಾತಿಗೆ ಅವನು ಕೊಂಚ ಮೆತ್ತಗಾದ. ಆದರೆ ಕುಡುಕನ ಅನುಮಾನ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. “ಬಾಯಿಗಾಕ್ಬೇಕಾ?”

“ಆಕ್ಬೇಕು. ನುಂಗಂಗಿಲ್ಲ. ಬಾಯಲ್ಲಿ ತಿರುಗ್ಸಿ, ರುಚಿ ಇಡ್ಕೊಂಡು, ಉಗ್ದುಬುಡಬೇಕು. ಉಗಿಯಕ್ಕೇ ಬಕೆಟ್ ಮಡಗಿರ್ತಾರೆ.”

“ಸುಳ್ಳು. ಬಾಯಿಗೋದುದ್ದ ಯಾರವ್ವ ಉಗೀತಾರೆ?”

ಅವನೇ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದ. ಇಂದ್ರಾಣಿ ಒಂದು ಗುಟುಕು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಅತ್ತಿಂದಿತ್ತ ಆಡಿಸಿ, ಅಂಗಳಕ್ಕೆ ಒಂದೇ ಗೆರೆಯಲ್ಲಿ ಉಗಿದಳು. ಮಹದೇವಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು.

ಕರಿಯಯ್ಯ ನಗಲಿಲ್ಲ. ನೆಲದ ಮೇಲಿನ ಆ ಒದ್ದೆ ಗೆರೆಯನ್ನೇ ನೋಡುತ್ತಾ ಕುಳಿತ.

“ಊರೋರೆಲ್ಲ ನಂಗೆ ಉಗುದ್ರು” ಎಂದ ಕೊನೆಗೆ. “ನಿಮ್ಮವ್ವ ದಿನಾ ಉಗುದ್ಲು. ನಾನೊಬ್ಬ ಉಗೀಲಿಲ್ಲ ಕಣವ್ವ.”

ಶುಕ್ರವಾರ ಬಸ್‌ಸ್ಟ್ಯಾಂಡಿನವರೆಗೆ ಬ್ಯಾಗು ಅವನೇ ಹೊತ್ತ. ಬಸ್ಸು ಹೊರಟಾಗ ಕಿಟಕಿ ಹಿಡಿದು “ನುಂಗ್ಬ್ಯಾಡ” ಎಂದಷ್ಟೇ ಹೇಳಿದ. ಎದುರಿಗೆ ವೈನ್ಸ್ ಬೋರ್ಡಿತ್ತು, ಬಾಗಿಲು ಆಗಲೇ ತೆರೆದಿತ್ತು. ಅವನು ಅದನ್ನು ಒಂದು ಸಲ ನೋಡಿ ಮನೆಯ ದಾರಿ ಹಿಡಿದ.

ಹೊಸ್ತಿಲಲ್ಲಿ ಮಹದೇವಮ್ಮ ನಿಂತಿದ್ದಳು. ಅವನು ಈ ಸಲ ಸಿಡುಕಲಿಲ್ಲ. ಅವಳು ಕೇಳುವ ಮೊದಲೇ ಬಗ್ಗಿ ಬಾಯಿ ತೆರೆದ.