ಬಾಗಿಲ ಪಕ್ಕದ ಜಾಗ

“ಏಯ್, ನಿಲ್ಲಿಸಪ್ಪಾ!”

ತಂಗಿ ಬೋರ್ಡ್ ಬರೆಯುವವನ ಕೈಯನ್ನೇ ಹಿಡಿದುಬಿಟ್ಟಳು. ಸಮಾಧಿಯ ಮೇಲೆ ನೆಡುವ ಹಲಗೆಯಲ್ಲಿ ಅಕ್ಕನ ಹೆಸರು ಮುಗಿದು, ಕೆಳಗೆ ‘ನ’ ಎಂಬ ಒಂದಕ್ಷರ ಬಿದ್ದಿತ್ತು.

“ನರ್ಸ್ ಅಂತ ತಾನೇ ಅಮ್ಮಾ ಹೇಳಿದ್ದು?”

“ಹೇಳಿದ್ದು ನಮ್ಮನೆಯವರು. ನಂಗೆ ಖಾತ್ರಿ ಬೇಡ್ವಾ? ಸತ್ತವಳ ತಲೆ ಮೇಲೆ ಸುಳ್ಳು ನೆಡೋಕ್ಕೆ ಬಿಡಲ್ಲ.”

ಒಳಗೆ ಅಕ್ಕನ ಹೆಣ. ತಂಗಿ ಹೋಗಿ ಬಾಗಿಲ ಚೌಕಟ್ಟಿಗೆ ಎರಡೂ ಕೈ ಕೊಟ್ಟು ನಿಂತಳು. ಅಂಗಳದ ತುಂಬ ಮಾನಸಿಕ ಆಸ್ಪತ್ರೆಯಿಂದ ಬಂದವರು. ಒಬ್ಬರ ಮೈಮೇಲೂ ನರ್ಸಿನ ಬಿಳಿ ಬಟ್ಟೆಯಿಲ್ಲ. ಇವರಲ್ಲಿ ಆರೈಕೆ ಮಾಡುವವರು ಯಾರು, ಮಾಡಿಸಿಕೊಳ್ಳುವವರು ಯಾರು? ಅಕ್ಕ ಯಾವ ಕಡೆಯವಳು?

ಪಕ್ಕದ ಮನೆಯಾಕೆ ಪಿಸುಗುಟ್ಟಿದಳು: “ಆ ಅಂಗಿ ಗುಂಡಿ ಮೇಲೆಕೆಳಗೆ ಹಾಕ್ಕೊಂಡಿರೋನ್ನ ನೋಡ್ರೀ. ಚಾಕು-ಗೀಕು ಎತ್ತಿಟ್ಬಿಡಿ.”

* * *

ಹಿಂದೊಮ್ಮೆ, ಅಮ್ಮ ಹಾಸಿಗೆ ಹಿಡಿದಿದ್ದಾಗ. ಅಕ್ಕ ಸಿರಿಂಜ್ ಎತ್ತಿಕೊಂಡಳು; ತಿರುಗಿಸಿ ನೋಡಿ ಕೆಳಗಿಟ್ಟಳು.

“ರೂಢಿ ತಪ್ಪಿದೆ ಕಣೇ. ಬೇರೆ ಯಾರನ್ನಾದ್ರೂ ಕರಿ.”

“ಮತ್ತೆ ದಿನಾ ಅಲ್ಲಿ ಏನ್ ಕಡಿದು ಕಟ್ಟೆ ಹಾಕ್ತೀಯ?”

“ಕೂತ್ಕೋತೀನಿ.”

“ಬರೀ ಕೂರೋಕ್ಕೆ ಸಂಬಳಾನಾ!”

ಅಕ್ಕ ನಕ್ಕು, ಬಾಗಿಲ ಪಕ್ಕದ ಗೋಡೆಗೊರಗಿ ನೆಲದ ಮೇಲೆ ಕೂತಳು. ಯಾವಾಗಲೂ ಅಲ್ಲೇ, ಎದ್ದು ಓಡಲು ಹೊಂಚು ಹಾಕಿದವಳಂತೆ. ತಂಗಿಯ ಸಂಶಯ ಅಂದೇ ಬೇರುಬಿಟ್ಟಿತು: ಇವಳು ನರ್ಸಲ್ಲ, ಅಲ್ಲಿನ ರೋಗಿ.

* * *

ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದವನು ಮೆಟ್ಟಿಲ ಬಳಿ ಬಂದ.

“ನೀವೂ ಅಲ್ಲಿ ಒಳಗಿದ್ದವರಾ?” ತಂಗಿ ಅಡ್ಡಹಾಕಿದಳು.

“ತುಂಬಾ ವರ್ಷ. ಪಾಠ ಹೇಳ್ತಾ. ನಿಮ್ಮಕ್ಕ ನನ್ನ ಶಿಷ್ಯೆ.”

“ಮೇಷ್ಟ್ರು ಅನ್ನೋಕ್ಕೆ ಗುರುತಿನ ಚೀಟಿ?”

“ಮನೋರೋಗದ ನರ್ಸಿಂಗ್ ಕೋರ್ಸನ್ನೇ ಮುಚ್ಚಿದ ಮೇಲೆ ಅದ್ಯಾತಕ್ಕೆ ಅಂತ ಕಿತ್ಕೊಂಡ್ರಮ್ಮಾ. ಎಲ್ಲಾ ನರ್ಸೂ ಒಂದೇ ಅಂತೆ. ಈಗ ಇಡೀ ಓದೆಲ್ಲಾ ಮೈಗೆ, ಮನಸ್ಸಿಗೆ ಬರೀ ಎರಡು ವಾರ! ಸೂಜಿ ಚುಚ್ಚಿದ್ರೆ ನರ್ಸು, ಹೆದರಿದವರ ಜೊತೆ ಕೂತ್ರೆ ಸೋಮಾರಿ. ಮೇಲಿನೋರ ತೀರ್ಪು. ನಿಮ್ಮಕ್ಕ ಅವರ ಮುಖಕ್ಕೇ ಹೇಳಿದ್ಳು, ‘ಒಂದು ಗಂಟೆ ಬಂದು ಕೂತು ತೋರಿಸ್ರಿ’ ಅಂತ. ಒಬ್ಬನೂ ಬರಲಿಲ್ಲ.”

“ಕೂರೋದನ್ನೂ ಕಲೀಬೇಕಾ?”

“ಬಾಗಿಲಿಗೆ ಅಡ್ಡ ಆಗಬಾರದು. ಹೆದರಿದವರಿಗೆ ಹೊರಗಿನ ದಾರಿ ಕಾಣ್ತಿರಬೇಕು. ಮೊದಲ ಪಾಠ ಅದು.”

ಬಾಯಲ್ಲಿ ಯಾರು ಏನು ಬೇಕಾದರೂ ಹೇಳಬಹುದು. ಆದರೆ ಅಂದು ಮಂಚದಿಂದ ಅಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಮೈಯ ನೋವಿಗೆ ಮದ್ದು ಹುಡುಕಿದ ತಂಗಿಗೆ ಅಮ್ಮ ಹೆದರಿದ್ದಾಳೆಂದು ಹೊಳೆದಿರಲೇ ಇಲ್ಲ.

ಚೌಕಟ್ಟಿನ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಇಳಿಸಿದಳು. ಸರಿದು, ಅಕ್ಕನ ಜಾಗದಲ್ಲಿ ಗೋಡೆಗೊರಗಿ ಕೂತಳು.

“ಅಮ್ಮಾ, ಬಣ್ಣ ಒಣಗ್ತಾ ಇದೆ. ‘ನ’ ಆದ್ಮೇಲೆ ಏನು?” ಬೋರ್ಡಿನವನು ಕೂಗಿದ.

ಅಂಗಳದವರು ಒಬ್ಬೊಬ್ಬರಾಗಿ ಒಳಬಂದರು. ತಂಗಿಯ ಕಣ್ಣು ಇನ್ನೂ ಅವರನ್ನು ಅಳೆಯುತ್ತಲೇ ಇತ್ತು. ನರ್ಸ್ ಯಾರು, ರೋಗಿ ಯಾರು, ಗೊತ್ತಾಗಲಿಲ್ಲ. ಎಲ್ಲರೂ ಗೋಡೆಯಂಚಿಗೇ ಕೂತರು.

“ನರ್ಸ್ ಅಂತ್ಲೇ ಬರೀಪ್ಪಾ.”

ಹೆಣದ ಬಳಿಯಿಂದ ಬೀದಿಯವರೆಗೂ ದಾರಿ ನಿಚ್ಚಳವಾಗಿ ತೆರೆದಿತ್ತು.