ಹಳೇ ಡೋರ್ ನಂಬರ್

ನೀಲವೇಣಿಗೆ ಮೊದಲು ತನ್ನ ಮೇಲೇ ಅನುಮಾನ ಬಂತು. ಹಬ್ಸಿಗುಡದ ಆ ಲ್ಯಾಬಿಗೆ ಸೇರಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮನುಷ್ಯರ ಡಿಎನ್‌ಎ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಓದುವುದನ್ನು ಈಗಷ್ಟೇ ಕಲಿಯುತ್ತಿದ್ದಳು. ಕಲಿಸಬೇಕಾದ ಡಾಕ್ಟರ್ ಭುಜಂಗರಾಯರು ಕಲಿಸಿದ್ದು ಒಂದೇ ಪಾಠ: "ನಾನು ಬರೆದಿಟ್ಟಿರೋ ಪ್ರೋಗ್ರಾಂ ಇದೆ. ಸ್ಯಾಂಪಲ್ ಹೆಸರು ಕೊಡು, ಎಂಟರ್ ಒತ್ತು. ತಲೆ ಉಪಯೋಗಿಸೋಕೆ ಹೋಗ್ಬೇಡ."

ಹೊರಗೆ ಬೆಂಚಿನ ಮೇಲೆ ಬಸುರಿ ಪಾರಿಜಾತ ಕಾಯುತ್ತಿದ್ದಳು. ಅವಳ ಮೊದಲ ಮಗ ಬುಜ್ಜಿಗೆ ರಕ್ತದ ಕಾಯಿಲೆ, ತಿಂಗಳು ತಿಂಗಳೂ ರಕ್ತ ಹಾಕಿಸಬೇಕು. ಹೊಟ್ಟೆಯ ಕೂಸಿಗೂ ಅದೇ ಗತಿಯೇ ಎಂದು ಇಂದು ಹೇಳಬೇಕಿತ್ತು. ಕೂಸಿನ ಸ್ಯಾಂಪಲ್ಲಿಗೆ ಪ್ರೋಗ್ರಾಂ 'ದೋಷವಿಲ್ಲ' ಎಂದಿತ್ತು. ಕೈ ಪಳಗಲಿ ಎಂದು ನೀಲವೇಣಿ ಬುಜ್ಜಿಯ ಸ್ಯಾಂಪಲ್ಲನ್ನೂ ಅದಕ್ಕೇ ಕೊಟ್ಟು ನೋಡಿದಳು. ಅವನಿಗೂ 'ದೋಷವಿಲ್ಲ'!

ಸೂಜಿ ಚುಚ್ಚಿ ಚುಚ್ಚಿ ಕೈ ಕಪ್ಪಾಗಿರುವ ಹುಡುಗನಿಗೆ ದೋಷವಿಲ್ಲವಂತೆ.

ಅಕ್ಷರಗಳನ್ನೇ ತೆರೆಯ ಮೇಲೆ ಹರಡಿಕೊಂಡು ಹುಡುಕಿದಾಗ ತಪ್ಪು ಸಿಕ್ಕಿತು. ಈ ಅಕ್ಷರಗಳ ಇಡೀ ಸಾಲಾದ ಜೀನೋಮಿಗೊಂದು ನಕ್ಷೆಯಿದೆ, ಅದರಲ್ಲಿ ಪ್ರತಿ ಅಕ್ಷರಕ್ಕೂ ನಂಬರಿದೆ. ನಕ್ಷೆ ಹೊಸದಾದರೆ ನಂಬರೂ ಬದಲಾಗುತ್ತದೆ, ಕಾರ್ಪೊರೇಷನ್ನಿನವರು ಅವಳ ಬೀದಿಗೆ ಹೊಸ ಡೋರ್ ನಂಬರ್ ಬರೆದು ಹೋದ ಹಾಗೆ. ಲ್ಯಾಬು ಹೊಸ ನಕ್ಷೆ ಹಾಕಿಕೊಂಡಿತ್ತು. ರಾಯರ ಪ್ರೋಗ್ರಾಂ ಮಾತ್ರ ಹಳೇ ನಂಬರ್ ಹಿಡಿದು ಇನ್ಯಾರದೋ ಮನೆ ಬಾಗಿಲು ತಟ್ಟಿ, ಇಲ್ಲಿ ಕಳ್ಳನಿಲ್ಲ ಎಂದು ಬರೆದುಕೊಂಡು ಬರುತ್ತಿತ್ತು.

ರಾಯರು ಊಟದ ಕ್ಯಾರಿಯರ್ ಬಿಚ್ಚಿ ಅನ್ನಕ್ಕೆ ಗೋಂಗೂರ ಚಟ್ನಿ ಕಲಸುತ್ತಿದ್ದರು.

"ಸರ್, ಪಾರಿಜಾತ ಅವರ ರಿಪೋರ್ಟಿಗೆ ಸೈನ್ ಹಾಕ್ಬೇಡಿ. ಪ್ರೋಗ್ರಾಂ ಬುಜ್ಜಿಗೂ ದೋಷ ಇಲ್ಲ ಅಂತಿದೆ."

"ಸ್ಯಾಂಪಲ್ ಅದಲುಬದಲು ಮಾಡಿರ್ತೀಯ. ಏನಮ್ಮಾ, ಮೊನ್ನೆ ಮೊನ್ನೆ ಬಂದೋಳು ನನಗೇ ಪಾಠ ಹೇಳೋಕೆ ಬಂದ್ಯಾ?"

ನೀಲವೇಣಿ ಲ್ಯಾಪ್‌ಟಾಪನ್ನು ಅವರ ಉಪ್ಪಿನಕಾಯಿ ಡಬ್ಬಿಯ ಪಕ್ಕದಲ್ಲೇ ಕುಕ್ಕಿ, ಹೊಸ ನಂಬರ್ ಹಾಕಿ ಪ್ರೋಗ್ರಾಂ ಓಡಿಸಿದಳು. ಬುಜ್ಜಿಗೆ ತಾಯಿ ತಂದೆ ಇಬ್ಬರಿಂದಲೂ ದೋಷ ಬಂದಿತ್ತು. ಹೊಟ್ಟೆಯ ಕೂಸಿಗೆ ಒಬ್ಬರಿಂದ ಮಾತ್ರ, ಕಾಯಿಲೆ ಬರುವುದಿಲ್ಲ.

ರಾಯರ ಮುಖ ಅರಳಿತು. "ನೋಡ್ದ್ಯಾ? ಮಗು ಚೆನ್ನಾಗಿದೆ ಅಂತ ನನ್ನ ಪ್ರೋಗ್ರಾಂ ಮೊದಲೇ ಹೇಳಿತ್ತಲ್ಲ! ಇಷ್ಟಕ್ಕೆ ಊಟ ಕೆಡಿಸಿದೆ."

"ಅದು ಹೇಳಿದ್ದಲ್ಲ ಸರ್. ಕತ್ತಲಲ್ಲಿ ಕಲ್ಲು ಹೊಡೀತು, ಕಾಯಿ ಬಿತ್ತು."

"ಬಿತ್ತಲ್ಲ, ಸಾಕು ಬಿಡು. ಹೋಗಿ ಆ ಹೆಂಗಸಿಗೆ ಹೇಳು. ಊರಿಗೆಲ್ಲ ಡಂಗುರ ಹೊಡೀಬೇಡ."

ಹೇಳಿದಳು. ಪಾರಿಜಾತ ಅವಳ ಎರಡೂ ಕೈ ಹಿಡಿದುಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಆ ನಗುವನ್ನು ನೋಡುತ್ತ ನಿಂತಿದ್ದಾಗಲೇ ನೀಲವೇಣಿಗೆ ಇನ್ನೊಂದು ವಿಷಯ ಹೊಳೆಯಿತು. ಸರಸರ ಒಳಗೆ ಬಂದಳು.

"ಸರ್, ನಾವು ಹೊಸ ನಕ್ಷೆ ಹಾಕ್ಕೊಂಡಿದ್ದು ಯಾವಾಗ?"

"ಹೋದ ವರ್ಷ ಯುಗಾದಿಗೆ. ಯಾಕೆ?"

"ಅವತ್ತಿಂದ ಎಷ್ಟೋ ಬಸುರಿಯರು ಇದೇ ಬೆಂಚಲ್ಲಿ ಕೂತು, ದೋಷ ಇಲ್ಲ ಅಂತ ಕೇಳಿ, ಹೀಗೇ ನಗ್ತಾ ಮನೆಗೆ ಹೋದ್ರಲ್ಲ ಸರ್."

ರಾಯರ ಕೈಯ ತುತ್ತು ಅಲ್ಲೇ ನಿಂತಿತು.

"ಅವರ ಮಕ್ಕಳು ಈಗ ಹುಟ್ಟಿರ್ತಾವೆ."