ಒಳಬರುವ ಬಂದರು

ಆಮದು ಪರ್ಮಿಟ್ಟಿನ ಅರ್ಜಿಯಲ್ಲಿ, ಮಾದರಿಗಳು ದೇಶದೊಳಕ್ಕೆ ಬರುವ ಬಂದರು ಯಾವುದೆಂದು ಕೇಳಿದ್ದ ಕಡೆ ಪ್ರಫುಲ್ಲಾ ವಿಶಾಖಪಟ್ಟಣ ಎಂದು ಟೈಪು ಮಾಡಿಸಿದ್ದಳು. ಕೇಶವಮೂರ್ತಿಯ ಕಣ್ಣು ಅಲ್ಲಿಗೆ ಬಂದು ನಿಂತಿತು.

"ಬರೋಬ್ಬರಿ ಅದ ಅಲ್ರೀ ಸರ? ನೀವೊಮ್ಮೆ ಕಣ್ಣಾಡಿಸಿದ್ರಂದ್ರ ನಂಗ ಧೈರ್ಯ" ಎಂದಳು, ಮೇಜಿನಾಚೆ ನಿಂತು.

ಯಾರಾದರೂ ಮಾಡಬಹುದಾದ ತಪ್ಪು. ಕಿಟಕಿಯಾಚೆ ಹಡಗುಗಳು ಸಾಲುಗಟ್ಟಿ ನಿಲ್ಲುವ ಊರಿನಲ್ಲಿ ಕೂತವರಿಗೆ ಬಂದರೆಂದರೆ ಇದೇ ತಾನೆ? ಆದರೆ ಹಡಗಾಗಲಿ ವಿಮಾನವಾಗಲಿ, ವಿದೇಶದಿಂದ ಡಾಲ್ಫಿನ್ನಿನ ಚರ್ಮದ ಚೂರು ಬಂದರೂ ಸರ್ಕಾರ ಗೊತ್ತುಮಾಡಿದ ಕೆಲವೇ ಊರುಗಳ ಮೂಲಕ ಬರಬೇಕು. ಮದ್ರಾಸು ಸರಿ, ವಿಶಾಖಪಟ್ಟಣ ಸಲ್ಲದು. ಕೇಶವಮೂರ್ತಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಾಯಿ ತೆರೆದಿದ್ದರೆ ಒಂದೇ ಮಾತಿನ ಕೆಲಸ.

ಆ ಸಂಶೋಧನಾ ಕೇಂದ್ರದಲ್ಲಿ ಕನ್ನಡದವರು ಇವರಿಬ್ಬರೇ. ಅವನು ತುಮಕೂರಿನ ಕಡೆಯವನು, ಅವಳು ಧಾರವಾಡದವಳು. ಮಧ್ಯಾಹ್ನ ಅವಳ ರೊಟ್ಟಿ ಇವನ ಡಬ್ಬಿಗೆ, ಇವನ ಪುಳಿಯೋಗರೆ ಅವಳ ಡಬ್ಬಿಗೆ ಹೋಗುತ್ತಿತ್ತು. ಇವನ ಮಕ್ಕಳು ಮನೆಯಲ್ಲೂ ತೆಲುಗಿಗೆ ಇಳಿದಿದ್ದರು. ಹೀಗಾಗಿ ಊಟದ ಆ ಒಂದು ಗಂಟೆಯಲ್ಲಷ್ಟೇ ಅವನ ನಾಲಿಗೆ ಊರಿಗೆ ಹೋಗಿಬರುತ್ತಿತ್ತು.

ಎಲ್ಲ ಕೆಟ್ಟಿದ್ದು ಆಸ್ಟ್ರೇಲಿಯಾದ ಪ್ರಯೋಗಾಲಯ ಅವಳಿಗೆ ಉತ್ತರ ಬರೆದಾಗ. ಋಷಿಕೊಂಡದಿಂದ ಭೀಮಿಲಿವರೆಗೆ ದಡಕ್ಕೆ ಬಿದ್ದ ಸತ್ತ ಡಾಲ್ಫಿನ್‌ಗಳನ್ನು ವರ್ಷಗಟ್ಟಲೆ ಹೆಕ್ಕಿ ಚರ್ಮದ ಚೂರು ಕೂಡಿಟ್ಟವನು ಕೇಶವಮೂರ್ತಿ. ಮೈಗೆ ಹತ್ತಿದ ನಾತಕ್ಕೆ ಬಸ್ಸಿನವರು ಇಳಿಸಿಬಿಟ್ಟಿದ್ದೂ ಉಂಟು. ಅದೇ ಪ್ರಯೋಗಾಲಯಕ್ಕೆ ಅವನೂ ಮಾದರಿ ಕೇಳಿ ಬರೆದಿದ್ದ, ಉತ್ತರವೇ ಇರಲಿಲ್ಲ. ಇವಳು ಬರೆದ ಕೂಡಲೇ ಒಪ್ಪಿಗೆ. ಮೀಟಿಂಗಿನಲ್ಲಿ ಮುಖ್ಯಸ್ಥ ಜಗನ್ಮೋಹನ್, "ಚೂಶಾರಾ ಕೇಶವಮೂರ್ತಿಗಾರೂ, ನೋಡಿದಿರಾ, ನಮ್ಮ ಹುಡುಗಿ ಸಾಧಿಸಿಬಿಟ್ಟಳು" ಎಂದು ಎಲ್ಲರೆದುರು ಅಂದ. ಹೊಟ್ಟೆಕಿಚ್ಚು ತಣ್ಣೀರು ಸುರಿದರೂ ಆರದು ಅನ್ನುತ್ತಾರೆ. ಆವತ್ತಿನಿಂದ ಅವಳ ರೊಟ್ಟಿ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಸರಿಯಾಗೇ ಇದೆ ಕಣಮ್ಮ, ಕಳಿಸು" ಎಂದ ಕೇಶವಮೂರ್ತಿ. ಕಾಗದವನ್ನು ಎರಡೂ ಕೈಯಲ್ಲಿ ಮರಳಿಸಿದ.

ದೆಹಲಿಯಲ್ಲೂ ಯಾರೂ ಗಮನಿಸದೆ, ಅರ್ಜಿಯಲ್ಲಿದ್ದಂತೆಯೇ ಪರ್ಮಿಟ್ಟು ಬಂತು. ಮಾದರಿ ಹೊತ್ತ ವಿಮಾನ ಮಾತ್ರ ಮದ್ರಾಸಿನಲ್ಲಿ ಇಳಿಯಿತು. ಅಲ್ಲಿಯವರು ಪರ್ಮಿಟ್ಟು ನೋಡಿ, ಈ ಊರಿಗಲ್ಲವಲ್ಲ ಎಂದು ಪೆಟ್ಟಿಗೆಯನ್ನು ತಡೆದರು. ಪ್ರಫುಲ್ಲಾ ರೈಲು ಹತ್ತಿ ಓಡಿದಳು. ಮೇ ತಿಂಗಳ ಬಿಸಿಲು. ದೆಹಲಿಯಿಂದ ತಿದ್ದುಪಡಿ ಬರುವಷ್ಟರಲ್ಲಿ, ಹೆಪ್ಪುಗಟ್ಟಿಯೇ ಇರಬೇಕಾದ ಚರ್ಮದ ಚೂರುಗಳು ಕರಗಿದ್ದವು. ಆ ದಿನಗಳಲ್ಲಿ ಕೇಶವಮೂರ್ತಿ ಒಬ್ಬನೇ ಉಂಡ. ಮೊದಲ ದಿನ ಪುಳಿಯೋಗರೆ ರುಚಿಯಾಗಿಯೇ ಇತ್ತು. ಆಮೇಲಾಮೇಲೆ ಡಬ್ಬಿಯಲ್ಲಿ ಅರ್ಧ ಮಿಗತೊಡಗಿತು.

ಅವಳು ನಿಲ್ದಾಣದಿಂದ ನೇರ ಕೇಂದ್ರಕ್ಕೇ ಬಂದು ಥರ್ಮಾಕೋಲ್ ಪೆಟ್ಟಿಗೆಯನ್ನು ಅವನ ಮೇಜಿನ ಮೇಲಿಟ್ಟಳು. ಸೀರೆಯ ಸೆರಗೆಲ್ಲ ಒದ್ದೆಯಾಗಿತ್ತು.

"ಬೆಜವಾಡಾದಾಗ ಗಾಡಿ ನಿಂತಾಗ ಓಡಿಹೋಗಿ ಮೀನ ಮಾರೂವರ ಕಡೆ ಬರ್ಫ್ ತುಂಬಿಸ್ಕೊಂಡ ಬಂದೆ ಸರ. ವಾಸನಿ ಆಗಲೇ ಬಂದಿತ್ತು. ಆದ್ರೂ ಮನಸ್ಸು ತಡೀಲಿಲ್ಲ."

ಅವನು ಮುಚ್ಚಳ ತೆಗೆದು ನೋಡಿದ. ಸಣ್ಣ ಸೀಸೆಗಳು ನೀರಿನಲ್ಲಿ ತೇಲುತ್ತಿದ್ದವು.

"ನಿಮ್ಮ ಋಷಿಕೊಂಡದ ಡಾಲ್ಫಿನ್ ಅವರ ಕಡೇದರ ಕುಲಾನೋ ಬ್ಯಾರೇನೋ ನೋಡೂಣು ಅಂತನ ತರಿಸಿದ್ದೆ ಸರ. ಅವರಿಗೆ ಬರಿಯುವಾಗ, ಇಲ್ಲೆ ನಮ್ಮ ಸರ ಇಷ್ಟು ವರ್ಷ ಕೂಡಿಹಾಕ್ಯಾರ, ಅವರದು ನಿಮ್ಮದು ಹೋಲಿಸೂಣು ಅಂತ ಬರದಿದ್ದೆ. ಅದಕ್ಕ ಅವರು ಒಪ್ಪಿದ್ದು."

ಕೇಶವಮೂರ್ತಿಯ ಮುಖ ಸುಟ್ಟ ಹಾಗಾಯಿತು. ಅವನು ಜೀವಮಾನವಿಡೀ ಕೇಳಿಕೊಂಡ ಪ್ರಶ್ನೆಯ ಉತ್ತರವೇ ಆ ಸೀಸೆಗಳಲ್ಲಿ ನಾರುತ್ತಿತ್ತು. ಹೇಗಾದರೂ ಇದನ್ನು ಸರಿಮಾಡಬೇಕೆಂಬ ಆತುರ ಒಳಗಿನಿಂದ ಉಕ್ಕಿ ಬಂತು.

"ಹೋಗಲಿ ಬಿಡಮ್ಮ, ಇನ್ನೊಂದ್ಸಲ ತರಿಸಾಣ. ಅರ್ಜಿ ನಾನೇ ಬರೀತೀನಿ. ಬಂದರು ಅಂದ ಕಡೆ ಮದ್ರಾಸು ಅಂತ ಹಾಕಿಬಿಟ್ರೆ ಆಯ್ತು. ಅಲ್ಲಿ ಜೆರಾಕ್ಸ್ ಒಪ್ಪಲ್ಲ, ಪರ್ಮಿಟ್ಟಿನ ಅಸಲು ಪ್ರತಿನೇ ಕೊಡಬೇಕು. ನನ್ನ ಆಮೆ ಮಾದರಿ ಬಂದಾಗ ಹಾಗೇ ಬಿಡಿಸ್ಕೊಂಡು ಬಂದಿದ್ದೆ."

"ಅದು ಯಾವಾಗ ಸರ?"

"ನೀನು ಬರೋಕ್ಕೆ ಮುಂಚೆ, ಎಂಬತ್ತೊಂಬತ್ತರಲ್ಲೇ…"

ಮಾತು ಮುಗಿಯುವ ಮೊದಲೇ ಅವನಿಗೆ ತಿಳಿಯಿತು. ಅವಳಿಗೂ ತಿಳಿಯಿತು. ಅವಳು ಅವನ ಮುಖವನ್ನೇ ನೋಡಿದಳು. ಅವನು ಸೀಸೆಗಳನ್ನು ನೋಡಿದ. ಆಮೇಲೆ ಅವಳು ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ಎತ್ತಿಕೊಂಡಳು.

"ಥ್ಯಾಂಕ್ ಯು, ಸರ್. ಐ ವಿಲ್ ಮ್ಯಾನೇಜ್" ಎಂದಳು.

ಊಟದ ಹೊತ್ತಿಗೆ ಕೇಶವಮೂರ್ತಿ ಡಬ್ಬಿ ಬಿಚ್ಚಿ, ಅಭ್ಯಾಸಬಲದಿಂದ ಪುಳಿಯೋಗರೆಯಲ್ಲಿ ಅರ್ಧವನ್ನು ಮುಚ್ಚಳಕ್ಕೆ ಹಾಕಿ ಮೇಜಿನ ಆ ಬದಿಗೆ ಸರಿಸಿದ. ಆಚೆಯ ಕೋಣೆಯಿಂದ ಅವಳ ದನಿ ಕೇಳುತ್ತಿತ್ತು. ಯಾರೊಂದಿಗೋ ತೆಲುಗಿನಲ್ಲಿ ಮಾತಾಡುತ್ತಿದ್ದಳು.